ಇಂದ್ರಮ್ಮನ ಮೂಕ ಧಾರಾವಾಹಿ

ಕೊಲೆ ಮಾಡಿದವನು ಯಾರು ಅಂತ ಇಂದ್ರಮ್ಮನಿಗೆ ಯಾರೂ ಮುಂಚೆಯೇ ಹೇಳಿಬಿಡಬಾರದು. ಅವಳು ಕೇಳಿದ್ದು ಅಷ್ಟೇ. ಒಡವೆ ಕೇಳಿರಲಿಲ್ಲ, ಶ್ರೀಶೈಲಕ್ಕೆ ಕರಕೊಂಡು ಹೋಗಿ ಅಂದಿರಲಿಲ್ಲ. ಸಂಜೆ ಅರ್ಧ ಗಂಟೆ ಕೂತು 'ಕಪ್ಪು ಫೋನು' ಧಾರಾವಾಹಿ ನೋಡಬೇಕು, ಕೊಲೆಗಾರ ಯಾರು, ಯಾಕೆ ಕೊಂದ ಅನ್ನುವುದನ್ನು ತನ್ನ ಕಿವಿಯಲ್ಲೇ ಕೇಳಬೇಕು. ಐವತ್ತೈದರ ಹೆಂಗಸು ಇಷ್ಟು ಆಸೆಪಟ್ಟರೆ ಕೊಡಿಗೇನಹಳ್ಳಿಗೆ ಏನು ನಷ್ಟ?

ಅವಳ ತವರು ಪುರವರ. ಹೈಸ್ಕೂಲಿನಲ್ಲಿದ್ದಾಗ ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿದಿತ್ತು. ಪುಸ್ತಕ ಕೇರಿಯೆಲ್ಲ ಸುತ್ತಿ ಇವಳ ಕೈಗೆ ಬರುವ ಹೊತ್ತಿಗೆ ಮುಂದಿನ ರಟ್ಟೂ ಇರುತ್ತಿರಲಿಲ್ಲ, ಹಿಂದಿನ ಹಾಳೆಗಳೂ ಇರುತ್ತಿರಲಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಗಂಟಲು ಸರಿಮಾಡಿಕೊಂಡು, "ನಿಮ್ಮಲ್ಲೇ ಒಬ್ಬರು" ಅನ್ನುವಲ್ಲಿಗೆ ಪುಸ್ತಕ ಮುಗಿದುಹೋಗಿರುತ್ತಿತ್ತು. ಮುಂಚೆ ಓದಿದವರನ್ನು ಕೇಳಿದರೆ ಒಬ್ಬಳು ಅಡುಗೆಯವನು ಅನ್ನುವಳು, ಇನ್ನೊಬ್ಬಳು ತಮ್ಮ ಅನ್ನುವಳು. ಆಮೇಲೆ ಗಣಿತದಲ್ಲಿ ನಪಾಸಾಗಿ, ಅಡವಯ್ಯನವರನ್ನು ಮದುವೆಯಾಗಿ ಈ ಊರಿಗೆ ಬಂದಳು. ಹಸು, ಒಲೆ, ಮಗ ಪ್ರಭುದೇವ, ಅತ್ತೆಯ ಕಾಯಿಲೆ ಇವುಗಳ ನಡುವೆ ಪುಸ್ತಕ ಹಿಡಿಯುವುದು ಎಲ್ಲಿ ಬಂತು.

'ಕಪ್ಪು ಫೋನು' ಶುರುವಾದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಕಥೆ ನಡೆಯುವುದು ಎಂಬತ್ತಾರನೇ ಇಸವಿಯಲ್ಲಿ, ಒಂದು ಸಣ್ಣ ಊರಿನಲ್ಲಿ. ಟೂರಿಂಗ್ ಟಾಕೀಸಿನ ಮಾಲೀಕ ಟೆಂಟಿನೊಳಗೇ ಹೆಣವಾಗಿ ಬಿದ್ದಿದ್ದಾನೆ. ಬುಲೆಟ್ ಬೈಕಿನಲ್ಲಿ ಬರುವ ಇನ್ಸ್‌ಪೆಕ್ಟರು ಒಬ್ಬೊಬ್ಬರನ್ನೇ ವಿಚಾರಿಸುತ್ತಾನೆ. ಕೊಲೆ ಒಂದು ಕಡೆಗಿರಲಿ, ಅದರಲ್ಲಿ ಬರುವ ಹುಡುಗಿಯರು ಎರಡು ಜಡೆಯನ್ನು ಮಡಿಸಿ ಟೇಪು ಕಟ್ಟಿಕೊಳ್ಳುವುದು, ಪೋಸ್ಟಾಫೀಸಿನಲ್ಲಿ ಟ್ರಂಕ್ ಕಾಲಿಗೆ ಕಾಯುತ್ತಾ ನಿಲ್ಲುವುದು, ದಾವಣಿಯ ಸೆರಗಿಗೆ ಪಿನ್ನು ಚುಚ್ಚುವುದು ನೋಡಿದರೆ ಅವಳಿಗೆ ತನ್ನನ್ನೇ ಯಾರೋ ಟಿವಿಯಲ್ಲಿ ತೋರಿಸಿದಂತೆ ಆಗುತ್ತಿತ್ತು.

ಮೊದಮೊದಲು ಅದು ಊಟವಾದ ಮೇಲೆ ಬರುತ್ತಿತ್ತು, ತೊಂದರೆ ಇರಲಿಲ್ಲ. ಆಮೇಲೆ ಯಾವುದೋ ಹಾಡಿನ ಸ್ಪರ್ಧೆಗೆ ಜಾಗ ಬೇಕಾಗಿ ಚಾನೆಲ್ಲಿನವರು ಇದನ್ನು ಸಂಜೆ ಆರೂವರೆಗೆ ಎಳೆದು ಹಾಕಿದರು. ಆರೂವರೆ ಅಂದರೆ ಅಡವಯ್ಯನವರ ಲಿಂಗಪೂಜೆಯ ಹೊತ್ತು.

ಅಡವಯ್ಯ ಸೊಸೈಟಿ ಕೆಲಸದಿಂದ ನಿವೃತ್ತರಾದವರು. ಸಂಜೆ ಸ್ನಾನ ಮಾಡಿ, ವಿಭೂತಿ ಧರಿಸಿ, ನಡುಮನೆಯಲ್ಲಿ ಮೂಡಣ ಗೋಡೆಯ ದೇವರ ಗೂಡಿನೆದುರು ಮಣೆ ಹಾಕಿ ಕೂರುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ. ಮೇಲೇಳುವವರೆಗೆ ತಾವೂ ಮಾತಾಡುವಂತಿಲ್ಲ, ಮನೆಯಲ್ಲೂ ಸದ್ದಾಗುವಂತಿಲ್ಲ. ಮಗ ಟಿವಿಗೆ ಮೊಳೆ ಹೊಡೆದದ್ದೂ ಅದೇ ಗೋಡೆಗೆ, ಗೂಡಿನ ಪಕ್ಕದಲ್ಲೇ.

"ರೀ, ಪೂಜೆ ಒಂಚೂರು ಮುಂಚೆ ಮಾಡ್ಕಂಡ್ರೆ ಏನಾಗ್ತೈತೆ?"

"ಅಯ್ನೋರು ದೀಕ್ಷೆ ಕೊಡೋವಾಗ ದೀಪ ಹಚ್ಚೋ ಹೊತ್ತಿಗೆ ಮಾಡಪ್ಪ ಅಂದಿದ್ದು. ಟಿವಿಯೋರ ಟೈಮ್ ಕೇಳ್ಕಂಡು ಮಾಡು ಅಂದಿರ್ಲಿಲ್ಲ."

"ಹಂಗಾದ್ರೆ ನಾನು ಟಿವಿ ಹಾಕ್ಲೇಬಾರ್ದಾ?"

ಅಡವಯ್ಯ ಗಡ್ಡ ಕೆರೆದುಕೊಂಡರು. "ಹಾಕ್ಕ, ಯಾರ್ ಬ್ಯಾಡ ಅಂದ್ರು. ಸೌಂಡ್ ಮಾತ್ರ ಕೊಡಬ್ಯಾಡ," ಅಂದರು.

ಹೀಗೆ ಇಂದ್ರಮ್ಮನ ಧಾರಾವಾಹಿ ಮೂಕವಾಯಿತು. ಎರಡು ಪಾಯಿಂಟು ಸದ್ದು ಕೊಟ್ಟರೂ ಹಿಂದಿನಿಂದ ಗಂಡನ ಬಲಗೈ ಮೇಲೆದ್ದು ಅಲ್ಲಾಡುತ್ತಿತ್ತು. ಪ್ರಭುದೇವ ಕಿವಿಗೆ ಸಿಕ್ಕಿಸುವ ವೈರು ತಂದ. ಹಳೇ ಟಿವಿಗೆ ಅದನ್ನು ಚುಚ್ಚುವ ತೂತೇ ಇರಲಿಲ್ಲ. ಮಧುಗಿರಿಯಲ್ಲಿ ಟೀಚರಾಗಿರುವ ಸೊಸೆ ಲೋಹಿತಾ, "ನನ್ ಮೊಬೈಲಲ್ಲಿ ಮಾರನೇ ದಿನ ಬರುತ್ತೆ ಅತ್ತೆ, ನಾನ್ ಬಂದ್ಮೇಲೆ ನೋಡಿ," ಅಂದಳು. ಮಾರನೇ ದಿನ ಸಂಜೆ ಯಾರಿಗೆ ಬೇಕು? ಅಷ್ಟರೊಳಗೆ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಗಂಗಲಕ್ಷ್ಮಮ್ಮ ಎಲ್ಲವನ್ನೂ ಊದಿರುತ್ತಾಳೆ.

ಎದುರು ಸಾಲಿನ ಮನೆಯ ಗಂಗಲಕ್ಷ್ಮಮ್ಮನೂ ಅದೇ ಧಾರಾವಾಹಿ ನೋಡುವವಳು. ಇಂದ್ರಮ್ಮ ಒಂದು ಸಂಜೆ ಅವಳ ಮನೆಗೇ ಹೋಗಿ ಕೂತೂ ನೋಡಿದ್ದಳು. ಇನ್ಸ್‌ಪೆಕ್ಟರು ಬಾಯಿ ತೆಗೆದರೆ ಗಂಗಲಕ್ಷ್ಮಮ್ಮನೂ ತೆಗೆಯುತ್ತಾಳೆ. "ನೋಡಕ್ಕ, ಈಗ ಅವನಿಗೆ ಬಾರಿಸ್ತಾನೆ ನೋಡು, ನಾನ್ ಹೇಳ್ಲಿಲ್ವಾ," ಅನ್ನುವುದರಲ್ಲಿ ಅವನು ಹೇಳಿದ್ದು ಇವಳಿಗೆ ಕೇಳಿಸಲೂ ಇಲ್ಲ, ಅವನು ಬಾರಿಸಲೂ ಇಲ್ಲ, ಜಾಹೀರಾತು ಬಂದಿತ್ತು. ಅದಕ್ಕಿಂತ ಮೂಕ ಟಿವಿಯೇ ವಾಸಿ ಅಂತ ಎದ್ದು ಬಂದಿದ್ದಳು.

ತುಟಿ ನೋಡಿ, ಮುಖ ನೋಡಿ ಇಂದ್ರಮ್ಮ ಕಥೆ ಕಟ್ಟಿಕೊಂಡಳು. ಬಿಳಿ ಸೀರೆಯ ಮುದುಕಿಯೊಬ್ಬಳು ಹೆಣದ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೈಯೆಲ್ಲ ಕುಲುಕಾಡಿದ ಸಂಜೆ, ಇವಳಿಗೂ ಕಣ್ಣೀರು ತಡೆಯಲಾಗಲಿಲ್ಲ. ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಾಗ ಬಾಯಿತಪ್ಪಿ, "ಪಾಪ, ಹೆತ್ತ ತಾಯಿ ಕಣೇ, ಹೆಂಗೆ ತಡ್ಕಂತಾಳೆ," ಅಂದುಬಿಟ್ಟಳು.

"ಯಾವ ತಾಯಿ?"

"ಅದೇ, ಬಿಳಿ ಸೀರೆಯೋಳು."

ಗಂಗಲಕ್ಷ್ಮಮ್ಮ ಕ್ಯಾನು ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. "ಅಯ್ಯೋ ಇಂದ್ರಕ್ಕಾ! ಅವಳು ತಾಯಿ ಅಲ್ಲ ಕಣಕ್ಕ. ಟೆಂಟಿನ ಜಾಗ ನಂದು ಅಂತ ಅವನ ಮ್ಯಾಲೆ ಕೋರ್ಟಿಗೆ ಹೋಗಿದ್ದೋಳು. ಸತ್ತ ಅಂತ ನಗಾಡ್ಕಂಡು ಬಂದವ್ಳೆ, ನಗು ಕಾಣಬಾರ್ದು ಅಂತ ಸೆರಗು ಮುಚ್ಕಂಡವ್ಳೆ. ನೀನು ಅಳ್ತಾ ಕೂತಿದ್ಯಾ?"

ಸಾಲಿಗೆ ಸಾಲೇ ನಕ್ಕಿತು. ಹಾಲಿನ ಕೊಬ್ಬು, ಡಿಗ್ರಿ ಅಳೆಯುತ್ತಿದ್ದ ಡೈರಿಯ ಭೀಮರಾಜು ಕೂಡ, "ಇಂದ್ರಮ್ಮೋರ ಹಾಲಿಗೆ ಇವತ್ತು ಕಣ್ಣೀರು ಬೆರ್ತೈತೆ, ಡಿಗ್ರಿ ಇಳಿದೈತೆ," ಅಂದ. ಅವತ್ತಿನಿಂದ ಅವಳು ಡೈರಿಗೆ ಎಲ್ಲರಿಗಿಂತ ಮೊದಲು ಹೋಗಿ, ಗಂಗಲಕ್ಷ್ಮಮ್ಮ ಬರುವುದರೊಳಗೆ ಹಾಲು ಹಾಕಿ ವಾಪಸಾಗತೊಡಗಿದಳು. ಕೊನೆಯ ಕಂತಾದರೂ ಕೇಳಲೇಬೇಕು ಅನ್ನುವ ಹಟ ಆಗಲೇ ಹುಟ್ಟಿದ್ದು.

ಆದರೆ ಅಡವಯ್ಯನವರ ಪೂಜೆ ದಿನೇ ದಿನೇ ಉದ್ದವಾಗುತ್ತಿತ್ತು. ಹಿಂದೆಲ್ಲ ಸೊಪ್ಪು ಬೇಯುವುದರೊಳಗೆ ಮುಗಿಸಿ ಏಳುತ್ತಿದ್ದವರು ಈಗ ಧಾರಾವಾಹಿ ಮುಗಿದ ಮೇಲೇ ಏಳುವುದು. ತನ್ನನ್ನು ಗೋಳು ಹುಯ್ದುಕೊಳ್ಳುವುದಕ್ಕೇ ಹೀಗೆ ಮಾಡುತ್ತಾರೆ ಅಂತ ಅವಳಿಗೆ ಅನುಮಾನ. "ಭಕ್ತಿ ಜಾಸ್ತಿ ಆದಂಗೈತೆ," ಅಂತ ಚುಚ್ಚಿದರೆ, "ವಯಸ್ಸಾತಲ್ಲೇ," ಅನ್ನುವರು.

ಕೊನೆಯ ಕಂತಿನ ಶುಕ್ರವಾರ ಬಂತು. ಇಂದ್ರಮ್ಮ ಬೇಗ ಹಾಲು ಕರೆದು, ಬೇಗ ನೀರು ಕಾಯಿಸಿ, "ಹೋಗ್ರೀ ಸ್ನಾನಕ್ಕೆ, ಹೋಗ್ರೀ," ಅಂತ ಗಂಡನ ಬೆನ್ನು ಹತ್ತಿದಳು. ಅವರು ಪೇಪರು ಮಡಿಸಿಟ್ಟು, ಎಲೆ ಅಡಿಕೆ ಉಗಿದು, ಸ್ನಾನ ಮುಗಿಸಿ, ಬಿಲ್ವಪತ್ರೆಯ ಒಂದೊಂದು ಎಲೆಯನ್ನೂ ಒರೆಸಿ, ಮಣೆಯ ಮೇಲೆ ಕೂತಾಗ ಸರಿಯಾಗಿ ಆರೂವರೆ. ಅವಳಿಗೆ ಆ ಮಣೆಯನ್ನೇ ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು ಟಿವಿಯ ಬುಡದಲ್ಲಿ ಕೂತಳು.

ಇನ್ಸ್‌ಪೆಕ್ಟರು ಎಲ್ಲರನ್ನೂ ಖಾಲಿ ಟೆಂಟಿನಲ್ಲಿ ಕೂರಿಸಿದ್ದ. ಬಿಳಿ ಪರದೆಯ ಮುಂದೆ ಅತ್ತಿಂದಿತ್ತ ಓಡಾಡಿದ, ಟೋಪಿ ತೆಗೆದ. ನಿಂತ. ಬೆರಳು ತೋರಿಸಿದ. ಗೇಟಿನಲ್ಲಿ ಟಿಕೇಟು ಹರಿಯುವ ಬಡಕಲು ಮನುಷ್ಯ! ಇಂದ್ರಮ್ಮ ಎದೆ ಹಿಡಿದುಕೊಂಡಳು. ಅವನು ಯಾರ ತಂಟೆಗೂ ಹೋದವನಲ್ಲ. ಯಾಕೆ? ಇನ್ಸ್‌ಪೆಕ್ಟರು ಯಾಕೆ ಅನ್ನುವುದನ್ನೇ ಹೇಳುತ್ತಿದ್ದ. ತುಟಿ ಒಂದೇ ಸಮನೆ ಆಡುತ್ತಿತ್ತು. ಅವಳು ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು.

"ಲೇ, ಸೌಂಡ್ ಕೊಡೇ!"

ಟಿವಿಯೇ ಮಾತಾಡಿತೇನೋ ಅಂದುಕೊಂಡಳು. ತಿರುಗಿ ನೋಡಿದರೆ ಅಡವಯ್ಯ. ಅಂಗೈಯಲ್ಲಿ ಲಿಂಗ ಇದ್ದ ಹಾಗೇ ಇದೆ, ಕಣ್ಣು ಮಾತ್ರ ಟಿವಿಯಲ್ಲಿ ನೆಟ್ಟಿದೆ.

"ಕೊಡೇ ಬೇಗ! ಯಾಕೆ ಕೊಂದ ಅಂತ ಹೇಳ್ತಾವ್ನೆ, ತಲೆ ಅಡ್ಡ ಇಟ್ಕಂಡು ಕೂತವ್ಳೆ!"

ಇಂದ್ರಮ್ಮ ರಿಮೋಟು ಒತ್ತಿದಳು. ಅದು ಕೇಳಲಿಲ್ಲ. ತೊಡೆಗೆ ಬಡಿದಳು, ಶೆಲ್ಲು ತಿರುವಿದಳು, ಮತ್ತೆ ಒತ್ತಿದಳು. ಕೊನೆಗೆ ಮನೆ ನಡುಗುವಂತೆ ಸದ್ದು ಬಂತು: "ಕಾರಣ ಇಷ್ಟೇ. ಕರ್ಕೊಂಡು ಹೋಗಿ ಇವನನ್ನ."

ಆಮೇಲೆ ಬರೀ ಸಂಗೀತ. ಬುಲೆಟ್ಟು ಹೊರಟುಹೋಯಿತು.

ಇಂದ್ರಮ್ಮ ರಿಮೋಟು ಹಿಡಿದೇ ಗಂಡನತ್ತ ತಿರುಗಿದಳು.

"ನೀವು ದಿನಾ ನೋಡ್ತಿದ್ರಾ?"

"ನೋಡ್ತಿರ್ಲಿಲ್ಲ. ಕಣ್ಣಿಗೆ ಬೀಳ್ತಿತ್ತು."

"ಎರಡು ತಿಂಗಳಿಂದ ಬೀಳ್ತಿತ್ತಾ? ಅದ್ಕೇ ಏಳ್ತಿರ್ಲಿಲ್ವಾ? ನಾನು ಊರೋರ ಹತ್ರ ನಗಪಾಟ್ಲಿಗೀಡಾದೆ, ನೀವು ಹಿಂದೆ ಕೂತು ಬಿಟ್ಟಿ ಟೆಂಟು ನೋಡಿದ್ರಾ?"

"ನನಗೂ ಕೇಳಿಸ್ತಿತ್ತೇನೇ? ನಾನೂ ಆ ಮುದುಕೀನ ತಾಯಿ ಅಂತಾನೇ ಅಂದ್ಕಂಡಿದ್ದೆ." ಅಡವಯ್ಯ ಸಣ್ಣ ದನಿಯಲ್ಲಿ ಹೇಳಿ, ತಂಬಿಗೆಯ ಕಡೆ ಕೈ ಚಾಚಿದರು. "ನಡುವೆ ಮಾತಾಡ್ಬುಟ್ಟೆ. ಮೊದಲಿಂದ ಮಾಡ್ಬೇಕು. ಲೇ, ಸೋಮವಾರದಿಂದ ಅದೇ ಇನ್ಸ್‌ಪೆಕ್ಟ್ರುದು ಇನ್ನೊಂದು ಕೇಸು ಶುರುವಾಗ್ತೈತಂತೆ. ಐದೂವರೆಗೇ ನೀರು ಕಾಸ್ಬುಡು. ಪೂಜೆ ಮುಗಿಸ್ಕಂಡು ಆರಾಮಾಗಿ ಕೂತ್ಕಂಡು ನೋಡಣ."

"ದೀಪ ಹಚ್ಚೋ ಹೊತ್ತಿಗೇ ಆಗ್ಬೇಕು ಅಂತ ಅಯ್ನೋರು ಹೇಳಿದ್ರಲ್ಲಾ?"

"ಚಳಿಗಾಲ ಬಂತಲ್ಲೇ. ದೀಪ ಬೇಗ ಹಚ್ಚಿದ್ರಾತು."

"ಈಗ ಆಗೋದು ಎರಡು ತಿಂಗಳ ಹಿಂದೆ ಯಾಕ್ರೀ ಆಗ್ಲಿಲ್ಲ?" ಇಂದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಆದರೆ ಅಡವಯ್ಯ ಅಷ್ಟರಲ್ಲಿ ಲಿಂಗಕ್ಕೆ ನೀರೆರೆದು, ಮೌನ ಹಿಡಿದು, ಬಲಗೈ ಎತ್ತಿ ಸದ್ದು ಮಾಡಬೇಡ ಅಂತ ಅಲ್ಲಾಡಿಸಿದರು.

ಅವಳು ಟಿವಿ ಆರಿಸಿ, ರಿಮೋಟನ್ನು ಹಾಸಿಗೆಯ ಮೇಲೆ ಎಸೆದು, ಚಪ್ಪಲಿ ಮೆಟ್ಟಿ ಹೊರಬಿದ್ದಳು. ಮಾನ ಹೋದರೆ ಹೋಗಲಿ, ಆ ಗೇಟಿನವನು ಯಾಕೆ ಕೊಂದ ಅಂತ ತಿಳಿಯದೆ ಅನ್ನ ಇಳಿಯುವ ಹಾಗಿರಲಿಲ್ಲ. ಗಂಗಲಕ್ಷ್ಮಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಬಾ ಇಂದ್ರಕ್ಕ. ಕಾಫಿ ಕುಡೀತೀಯಾ?"

"ಕಾಫಿ ಬ್ಯಾಡ. ಅವನ್ಯಾಕೆ ಕೊಂದ, ಅದೊಂದು ಹೇಳು."

ಗಂಗಲಕ್ಷ್ಮಮ್ಮನ ಮುಖ ಅರಳಿತು. ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಕೂತ್ಕ, ಹೇಳ್ತೀನಿ. ಆ ಗೇಟಿನೋನು ಇದ್ನಲ್ಲ, ಅವನು ಸಣ್ಣೋನಿದ್ದಾಗ..."

"ಸಣ್ಣೋನಿದ್ದಾಗಿಂದ ಬ್ಯಾಡ ಕಣೇ ತಾಯಿ, ಕೊಂದಿದ್ಯಾಕೆ ಅನ್ನೋದು ಹೇಳೇ!"

"ಅಲ್ಲಿಗೇ ಬತ್ತಿದ್ದೀನಿ ಇರಕ್ಕ, ಅವಸರ ಮಾಡಿದ್ರೆ ನಿಂಗೆ ತಿಳಿಯಾಕಿಲ್ಲ. ಅವರಜ್ಜಿ ಊರು ಯಾವ್ದು ಅಂತೀಯಾ..."

ಇಂದ್ರಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಒಂದು ಹಿಡಿ ಅವರೆಕಾಯಿ ಮಡಿಲಿಗೆ ಎಳೆದುಕೊಂಡು, ಸಿಪ್ಪೆ ಪಟಪಟ ಅನ್ನುವಂತೆ ಸುಲಿಯತೊಡಗಿದಳು.