ಅರಿಸಿನ ಸವರಿದ ಗಂಟು

"ನೀವು ಯಾವ ಡಾಕ್ಟ್ರು?" ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೆಥಾಲಜಿ ಅಂದರೆ ಮಿಕಮಿಕ ನೋಡುತ್ತಾರೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಾಯಿಲೆ ಇಂಥದ್ದು ಅಂತ ಹೇಳುವವಳು ನಾನು ಎಂದು ಬಿಡಿಸಿ ಹೇಳಿದರೆ, "ಓ, ಲ್ಯಾಬಾ!" ಅಂದುಬಿಡುತ್ತಾರೆ. ಆ "ಲ್ಯಾಬಾ" ಅನ್ನುವಾಗಿನ ರಾಗ ಕೇಳಬೇಕು ನೀವು. ಮಂಡ್ಯದಲ್ಲಿ ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೈ ಚಾಚಿ "ಸ್ವಲ್ಪ ನಾಡಿ ನೋಡವ್ವ" ಅನ್ನುವುದು ಇನ್ನೂ ತಪ್ಪಿಲ್ಲ. ನೋಡಲ್ಲ ಅಂದರೆ ಜಂಬ ಅನ್ನುವುದೂ ತಪ್ಪಿಲ್ಲ.

ಇವರೆಲ್ಲರಿಗಿಂತ ಖಾರವಾಗಿ ಆಡಿಕೊಂಡವಳು ನನ್ನ ಅತ್ತೆ, ಅಪ್ಪನ ಅಕ್ಕ. ಮಳವಳ್ಳಿ ತಾಲ್ಲೂಕಿನಲ್ಲಿ ಬಂಡೂರಿನ ಪಕ್ಕದ ಹಳ್ಳಿ ಅವಳದು. ಆ ಕಡೆಯ ಗಿಡ್ಡ ಕಾಲಿನ ದುಂಡು ಕುರಿಗಳನ್ನು ಅವಳೂ ಮಾವನೂ ಸಾಕುತ್ತಾರೆ. ನಾನು ಹೈಸ್ಕೂಲು ಮುಗಿಸಿದ್ದು ಅವಳ ಮನೆಯಲ್ಲೇ, ಅವಳು ತಟ್ಟಿದ ರೊಟ್ಟಿ ತಿಂದೇ. ಎಂಬಿಬಿಎಸ್ ಆದಮೇಲೆ ಪೆಥಾಲಜಿ ತಗೊಂಡೆ ಅಂತ ಹೇಳಲು ಹೋದ ದಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಯ್ ಬುಡತ್ಲಾಗೆ! ಎರ್ಗೆ ಮಾಡ್ಸೋ ಡಾಕ್ಟ್ರಾಗ್ತಾಳೆ ಅಂತ ಊರ್ಗೆಲ್ಲಾ ಯೋಳ್ಕಂಡ್ ತಿರುಗ್ದೆ. ಇವ್ಳು ನೋಡುದ್ರೆ ಉಚ್ಚೆ ನೋಡೋ ಡಾಕ್ಟ್ರಾಗಿ ಬಂದವ್ಳೆ" ಅಂದಳು. ಮಾವ ಬಿದ್ದು ಬಿದ್ದು ನಕ್ಕರು. ಸಿಟ್ಟಿಗೆ ನಾನು ಅವತ್ತು ಊಟ ಮಾಡದೆ ಬಸ್ಸು ಹತ್ತಿದೆ.

ಯಾಕೆ ತಗೊಂಡೆ ಅಂತ ಅವಳಿಗೆ ಹೇಳಿರಲಿಲ್ಲ. ಹೌಸ್‌ಸರ್ಜನ್ ಆಗಿದ್ದಾಗ ಒಂದು ದಿನ ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ, ನಿಮ್ಮ ಯಜಮಾನರು ಹೋಗಿಬಿಟ್ಟರು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವಳು ಅಳಲಿಲ್ಲ, ಸುಮ್ಮನೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಇನ್ನೇನೋ ಹೇಳುತ್ತೇನೆ, ಹೇಳಿದ್ದನ್ನು ವಾಪಸ್ಸು ತಗೊಳ್ಳುತ್ತೇನೆ ಅಂತ ಕಾಯುತ್ತಿದ್ದಳು. ನನಗೆ ನಿಲ್ಲಲಾಗಲಿಲ್ಲ, ಅಲ್ಲಿಂದ ಓಡಿದೆ. ಮನುಷ್ಯರ ಮುಖ ನೋಡಿ ಕೆಟ್ಟ ಸುದ್ದಿ ಹೇಳುವ ಕೆಲಸ ಜನ್ಮದಲ್ಲಿ ಬೇಡ ಅನ್ನಿಸಿತು. ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳು ಅಳುವುದಿಲ್ಲ. ಅವು ಹೇಳುವುದನ್ನು ನಾನು ಕಾಗದದಲ್ಲಿ ಬರೆದು ಕಳಿಸಿದರೆ ಸಾಕು, ಮಿಕ್ಕಿದ್ದು ಬೇರೆ ಡಾಕ್ಟರ ತಲೆನೋವು. ನಾನು ಮೊದಲೇ ಒಂದು ಕಡೆ ಕೂರುವ ಜಾತಿಯಲ್ಲ. ಮಾತಾಡುತ್ತ ಓಡಾಡುತ್ತೇನೆ, ಫೋನು ಬಂದರೆ ಕಾರಿಡಾರು ಅಳೆಯುತ್ತೇನೆ. ಸೂಕ್ಷ್ಮದರ್ಶಕದ ಮುಂದೆ ಮಾತ್ರ ನನ್ನ ಕಾಲುಗಳು ಸುಮ್ಮನಿರುತ್ತಿದ್ದವು.

ಹೋದ ಯುಗಾದಿ ಕಳೆದ ಮೇಲೆ ಒಂದು ಶನಿವಾರ ಮದ್ದೂರಿನ ನರ್ಸಿಂಗ್ ಹೋಮಿನಿಂದ ಸರ್ಜನ್ ಫೋನ್ ಮಾಡಿದರು. "ಮೇಡಂ, ನಿಮ್ಮ ಅತ್ತೆಯ ಎದೆಯಲ್ಲಿ ಒಂದು ಗಂಟಿತ್ತು, ಈಗ ತಾನೆ ತೆಗೆದೆ. ಗಂಟನ್ನ ನಿಮ್ಮ ಮಾವನ ಕೈಲಿ ಕಳಿಸ್ತಿದ್ದೀನಿ. ಬೇಗ ನೋಡಿ ಹೇಳಿ" ಅಂದರು. ನನಗೆ ಗಂಟಿನ ವಿಷಯವೇ ಗೊತ್ತಿರಲಿಲ್ಲ! ಅತ್ತೆ ಎಷ್ಟು ತಿಂಗಳಿಂದ ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದಳೋ. ಮಾವನಿಗೆ ಫೋನ್ ಹಚ್ಚಿದರೆ, "ಅವ್ಳುನ್ನ ಮನೆಗ್ ಕರ್ಕಂಡ್ ಓಯ್ತಾ ಇವ್ನಿ ಕಣವ್ವ. ನಾಳಿಕ್ ನಿಮ್ದು ಮುಚ್ಚಿರ್ತದಲ್ಲಾ, ಸೋಮಾರ ತತ್ತೀನಿ" ಅಂದರು. ಗಂಟು ಫಾರ್ಮಲಿನ್‌ನಲ್ಲಿದೆಯಲ್ಲ, ಎರಡು ದಿನ ಇದ್ದರೆ ಏನೂ ಆಗುವುದಿಲ್ಲ ಅಂತ ಸುಮ್ಮನಾದೆ. ಫಾರ್ಮಲಿನ್ ಅಂದರೆ ಮೂಗು ಕಣ್ಣಿಗೆ ಹೊಡೆಯುವ ಒಂದು ದ್ರಾವಣ. ತೆಗೆದ ಚೂರನ್ನು ತಕ್ಷಣ ಅದರಲ್ಲಿ ಮುಳುಗಿಸಿಟ್ಟರೆ ಜೀವಕೋಶಗಳು ಇದ್ದ ಹಾಗೇ ನಿಂತುಬಿಡುತ್ತವೆ.

ಸೋಮವಾರ ಬೆಳಿಗ್ಗೆ ಮಾವ ಬಂದರು. ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಡಬ್ಬಿ ಇರಲಿಲ್ಲ, ಮನೆಯ ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಒಳಗೆ ಬಾಳೆಲೆಯ ತುಂಡಿನ ಮೇಲೆ ಅರಿಸಿನ ಬಳಿದುಕೊಂಡು ಹಳದಿಯಾದ ಒಂದು ಗಂಟು, ಸುತ್ತ ಕಲ್ಲುಪ್ಪು.

"ಏನಿದು ಮಾವ? ಔಷಧಿ ಎಲ್ಲಿ?"

"ಆ ನೀರಾ? ಕಣ್ಣೆಲ್ಲಾ ಉರ್ದೋಯ್ತು ಕಣವ್ವ. ಅದ್ರಾಗಿದ್ರೆ ಬೆಂದೋಯ್ತದೆ ಅಂತ ಚೆಲ್ಬುಟ್ಟು, ಚೆನ್ನಾಗ್ ತೊಳ್ದು, ಉಪ್ಪು ಅರಿಸಿನ ಸವ್ರಿ ತಂದಿವ್ನಿ. ಒಂಚೂರೂ ವಾಸ್ನೆ ಬಂದಿಲ್ಲ, ಬೇಕಾದ್ರೆ ಮೂಸ್ನೋಡು."

ನಮ್ಮ ಕಡೆ ಯುಗಾದಿಯ ಮಾರನೆ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಮಿಕ್ಕ ಮಾಂಸಕ್ಕೆ ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಒಣಹಾಕುತ್ತಾರೆ. ತಿಂಗಳಾದರೂ ಕೆಡುವುದಿಲ್ಲ. ಕುರಿ ಸಾಕುವ ಮನೆಯವರಿಗೆ ಮಾಂಸ ಕಾಪಾಡುವ ದಾರಿ ಅದೊಂದೇ. ನನಗೆ ಅದೆಲ್ಲ ಗೊತ್ತಿತ್ತು, ಆದರೂ ತಲೆ ಕೆಟ್ಟುಹೋಯಿತು. "ಬಾಡಾ ಇದು ಮಾವ? ಹೊಸತೊಡಕಿನ ಬಾಡಾ? ಅತ್ತೆಯ ಜೀವ ಇದರಲ್ಲಿದೆ, ಗೊತ್ತಾ ನಿಮಗೆ?" ಎಂದು ಕಾರಿಡಾರಿನಲ್ಲೇ ಕಿರುಚಿದೆ. ರಕ್ತ ಕೊಡಲು ಬಂದು ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಾವ ಟವೆಲ್ಲನ್ನು ಹೆಗಲಿಂದ ಕೈಗೆ ತಗೊಂಡು, "ತಪ್ಪಾಯ್ತು ಕಣವ್ವ. ಅವ್ಳಿಗ್ ಮಾತ್ರ ಯೋಳ್ಬ್ಯಾಡ, ಕೆಟ್ಟೋಯ್ತು ಅಂತ" ಅಂದರು. ನನಗೆ ಆ ಮಾತಿಗೂ ಸಿಟ್ಟು ಬಂತು. ಮಾಡಿದ್ದನ್ನು ಹೆಂಡತಿಯಿಂದ ಮುಚ್ಚಿಡಲು ನೋಡುತ್ತಾರೆ ಅಂದುಕೊಂಡೆ.

ಗಂಟನ್ನು ಮತ್ತೆ ಫಾರ್ಮಲಿನ್‌ಗೆ ಹಾಕಿದೆ. ಅದು ಹದಕ್ಕೆ ಬಂದು, ಮೇಣದಲ್ಲಿ ಕೂತು, ಕೂದಲಿಗಿಂತ ತೆಳುವಾಗಿ ಸೀಳಿಸಿಕೊಂಡು, ಬಣ್ಣ ಹತ್ತಿಸಿಕೊಂಡು ಗಾಜಿನ ಮೇಲೆ ಬರುವವರೆಗೆ ನಾನು ಮನುಷ್ಯಳಾಗಿರಲಿಲ್ಲ. ಮನೆಯಲ್ಲಿ ಅನ್ನ ಕಲಸಿ ಹಾಗೇ ಎದ್ದೆ. ಅವ್ವ ಕೇಳಿದ್ದಕ್ಕೆಲ್ಲ ಹರಿಹಾಯ್ದೆ. ಕೊನೆಗೆ ಗಾಜು ಕೈಗೆ ಬಂತು. ಗಂಟಿನ ನಡುಭಾಗ ಕಲಸಿಹೋಗಿತ್ತು, ಅಲ್ಲಿ ಓದಲು ಏನೂ ಇರಲಿಲ್ಲ. ಅಂಚಿನಲ್ಲಿ ಮಾತ್ರ ಕೋಶಗಳ ಕೆಲವು ಗುಂಪುಗಳು ಕಪ್ಪಗೆ, ಮುದುಡಿಕೊಂಡು ನಿಂತಿದ್ದವು. ಕ್ಯಾನ್ಸರಿನ ಕೋಶವೂ ಹಾಗೆ ಕಪ್ಪಗೆ ಕಾಣುತ್ತದೆ, ಉಪ್ಪು ನೀರೆಳೆದ ಒಳ್ಳೆ ಕೋಶವೂ ಹಾಗೇ ಕಾಣುತ್ತದೆ. ಯಾವುದು ಯಾವುದು? ನೋಡಿದೆ, ಎದ್ದು ಓಡಾಡಿದೆ, ಮತ್ತೆ ನೋಡಿದೆ. ಒಂದು ಗಳಿಗೆ ಕ್ಯಾನ್ಸರ್ ಅನ್ನಿಸಿತು, ಇನ್ನೊಂದು ಗಳಿಗೆ ಛೆ ಅಲ್ಲ ಅನ್ನಿಸಿತು. ನನ್ನ ಕಾಲು ಅಲ್ಲೂ ಸುಮ್ಮನಿರಲಿಲ್ಲ.

ಲ್ಯಾಬಿನ ಹಿರಿಯ ಡಾಕ್ಟರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದರ ಮೇಲೆ ನಾನು ಸಹಿ ಹಾಕಲ್ಲಮ್ಮ. ನೀನೂ ಹಾಕಬೇಡ, ನಿನ್ನ ಅತ್ತೆ ಬೇರೆ" ಅಂದರು. ಅಷ್ಟರಲ್ಲಿ ಮದ್ದೂರಿನ ಸರ್ಜನ್ ಫೋನು. "ಮೇಡಂ, ಏನಾದರೂ ಒಂದು ಹೇಳಿ. ಎದೆ ತೆಗೀಬೇಕಾ, ಬೇಡವಾ?" ಏನಂತ ಹೇಳಲಿ? ಇಲ್ಲದ ಕಾಯಿಲೆಗೆ ಅತ್ತೆಯ ಎದೆ ಕುಯ್ಯಿಸುವವಳೂ ನಾನೇ ಆಗಬಹುದು, ಇರುವ ಕಾಯಿಲೆಯನ್ನು ಇಲ್ಲ ಅಂದು ಅವಳನ್ನು ಕಳಕೊಳ್ಳುವವಳೂ ನಾನೇ ಆಗಬಹುದು. ಇನ್ನೊಂದು ಸಲ ಪರೀಕ್ಷೆ ಆಗಲೇಬೇಕಿತ್ತು.

ಮಳವಳ್ಳಿ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರು ಅಡ್ಡ ಬಂದಾಗಲೆಲ್ಲ ಡ್ರೈವರನಿಗಿಂತ ಮೊದಲು ನಾನು ಬೈದುಕೊಂಡೆ. ಅತ್ತೆ ಜಗಲಿಯ ಮೇಲೆ ಕೂತು ಒಂದೇ ಕೈಯಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಮಾವ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಅವಳಿಗೆ ಹೇಳಬೇಡ ಅಂತ ಮಾವ ಕೇಳಿಕೊಂಡಿದ್ದರಲ್ಲ, ಬರುವಾಗಲೇ ಸುಳ್ಳು ಹೊಂದಿಸಿಕೊಂಡಿದ್ದೆ. "ಅತ್ತೆ, ನಮ್ಮ ಲ್ಯಾಬಲ್ಲಿ ನಿನ್ನ ಗಂಟು ಕೆಟ್ಟುಹೋಯ್ತು. ಇನ್ನೊಂದ್ಸಲ ನೋಡಬೇಕು" ಅಂದೆ.

"ಕೆಡ್ತಾ?" ಅತ್ತೆ ಮೊರವನ್ನು ಪಕ್ಕಕ್ಕಿಟ್ಟಳು. "ಅದ್ಯಂಗ್ ಕೆಡ್ತದೆ? ಅವ್ರು ಆಕಿದ್ದ ಆಳಾದ್ ನೀರ್ ಚೆಲ್ಲಿ, ನನ್ ಕೈಯಾರೆ ತೊಳ್ದು, ಉಪ್ಪು ಅರಿಸಿನ ಸವ್ರಿ ಕಳ್ಸಿವ್ನಿ. ನಿಮ್ಮಾವ ಬ್ಯಾಡ ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ. ತಿಂಗ್ಳಿಟ್ರೂ ಕೆಡಾಕಿಲ್ಲ ಅದು!"

ನಾನು ಮಾವನ ಕಡೆ ನೋಡಿದೆ. ಅವರು ಈ ಕಡೆ ತಿರುಗಲೇ ಇಲ್ಲ. ಕಟ್ಟಿದ್ದ ಸೊಪ್ಪನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಅಷ್ಟು ಜನರ ಮುಂದೆ ನಾನು ಕಿರುಚಿದಾಗ ಈ ಮನುಷ್ಯ ಒಂದು ಮಾತಲ್ಲಿ, ನಾನಲ್ಲ, ಅವಳು ಅನ್ನಬಹುದಿತ್ತು. ತನ್ನ ಕೈಯಿಂದಲೇ ಕೆಟ್ಟಿತು ಅಂತ ಅವಳಿಗೆ ತಿಳಿಯಬಾರದು ಅಂತ ಬೈಸಿಕೊಂಡು ನಿಂತಿದ್ದರು.

"ನೀನು ಚೆನ್ನಾಗೇ ಕಳಿಸಿದ್ದೆ ಅತ್ತೆ. ನಮ್ಮ ಮಿಷನ್ನೇ ಕೈಕೊಟ್ಟಿತು" ಅಂದೆ.

"ಥೂ, ಎಂಥಾ ಲ್ಯಾಬು ಕಟ್ಕಂಡಿದೀರಿ ನೀವು!" ಎಂದು ಅತ್ತೆ ಉಗಿದಳು. ಉಗಿಸಿಕೊಂಡೆ. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಕೈ ಎತ್ತಿಸಿ ಕಂಕುಳಲ್ಲಿ ಬೆರಳಿಟ್ಟು ನೋಡಿದೆ. ಕಡಲೆಕಾಳಿಗಿಂತ ತುಸು ದಪ್ಪದ, ಗಟ್ಟಿಯಾದ ಒಂದು ಗಂಟು ಅಲ್ಲಿಯೂ ಸಿಕ್ಕಿತು. ಸರ್ಜನ್ ಹೇಗೆ ಬಿಟ್ಟರೋ. ಇದಕ್ಕೆ ಸೂಜಿ ಹಾಕಿ ಒಂದು ತೊಟ್ಟು ತೆಗೆದು ನೋಡಿದರೆ ಸಾಕು, ಕುಯ್ಯುವುದೇ ಬೇಡ ಅಂತ ಹೇಳಿದೆ.

"ಯಾರ್ ಚುಚ್ಚೋರು?"

"ನಮ್ಮಲ್ಲಿ ದೊಡ್ಡ ಡಾಕ್ಟರಿದ್ದಾರೆ."

"ನೀನು ಚುಚ್ಚುದ್ರೆ ಬತ್ತೀನಿ. ಇನ್ಯಾವ್ ಗಂಡುಸ್ರ ಮುಂದೂ ರವ್ಕೆ ಬಿಚ್ಚಾಕಿಲ್ಲ ನಾನು, ಒಂದ್ಸಲ ಬಿಚ್ಚಿದ್ದೇ ಸಾಕಾಗದೆ."

ಮಾರನೆ ದಿನ ಇಬ್ಬರೂ ಮಂಡ್ಯಕ್ಕೆ ಬಂದರು. ಸೂಜಿ ಹಿಡಿಯುವ ಮುಂಚೆ ನಾನು ಕೋಣೆಯನ್ನು ಎರಡು ಸಲ ಅಳೆದೆ. ಬೇರೆಯವರ ಮೈಗೆ ಎಷ್ಟೋ ಸಲ ಸೂಜಿ ಹಾಕಿದವಳೇ ನಾನು. ಅತ್ತೆ ಕಣ್ಣು ಮುಚ್ಚಿ ಮುತ್ತತ್ತಿರಾಯನನ್ನು ನೆನೆಯುತ್ತಿದ್ದಳು. ಮುಗಿದ ಮೇಲೆ ಕಣ್ಣು ಬಿಟ್ಟು, "ಇಷ್ಟೇನಾ? ಇರ್ವೆ ಕಚ್ದಂಗಾಯ್ತು" ಅಂದಳು. ನಾನು ಗಾಜಿನ ಮೇಲೆ ಹರಡಿದ್ದನ್ನು ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟೆ. ಈ ಸಲ ಉಪ್ಪಿರಲಿಲ್ಲ, ಅರಿಸಿನವಿರಲಿಲ್ಲ, ಅನುಮಾನಕ್ಕೆ ಜಾಗವೂ ಇರಲಿಲ್ಲ. ಹಿರಿಯ ಡಾಕ್ಟರು ಒಮ್ಮೆ ಕಣ್ಣಿಟ್ಟು, ನನ್ನ ಬೆನ್ನು ತಟ್ಟಿ ಹೋದರು.

ರಿಪೋರ್ಟನ್ನು ಲಕೋಟೆಗೆ ಹಾಕಿ ಮದ್ದೂರಿಗೆ ಕಳಿಸಬಹುದಿತ್ತು. ಸರ್ಜನ್ ಹೇಳುತ್ತಿದ್ದರು. ಇಷ್ಟು ವರ್ಷ ಹಾಗೇ ತಾನೆ ಮಾಡಿಕೊಂಡು ಬಂದದ್ದು? ಆದರೆ ಅತ್ತೆ ಹೊರಗೆ ಬೆಂಚಿನ ಮೇಲೆ ಒಬ್ಬಳೇ ಕೂತು ನನ್ನ ಬಾಗಿಲನ್ನೇ ನೋಡುತ್ತಿದ್ದಳು. ಮಾವ ಟೀ ತರಲು ಹೋಗಿದ್ದರು. ಹೋಗಿ ಪಕ್ಕದಲ್ಲಿ ಕೂತೆ. "ಅತ್ತೆ, ಕ್ಯಾನ್ಸರ್ರೇ ಅದು. ಕಂಕುಳಿಗೂ ಬಂದಿದೆ. ಮೈಸೂರಿಗೆ ಹೋಗೋಣ, ಎದೆ ತೆಗೀಬೇಕಾಗುತ್ತೆ, ಆಮೇಲೆ ಔಷಧಿ ಇದೆ. ನಾನೂ ಜೊತೆಗೆ ಬರ್ತೀನಿ" ಅಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ, ನಿಲ್ಲಿಸಿದ್ದರೆ ಆಗುತ್ತಿರಲಿಲ್ಲ.

ಅತ್ತೆ ಸೆರಗನ್ನು ಮಡಿಲಲ್ಲಿ ಮಡಿಸಿದಳು, ಬಿಡಿಸಿದಳು. ಆಮೇಲೆ ಮೆಲ್ಲಗೆ, ನಾನು ಅವಳ ಬಾಯಲ್ಲಿ ಎಂದೂ ಕೇಳದ ದನಿಯಲ್ಲಿ, "ನಿಮ್ಮಾವ ಬರಾಕ್ ಮುಂಚೆ ಒಂದ್ ಮಾತ್ ಯೋಳು. ನಿಮ್ ಮಿಷನ್ ಕೆಟ್ಟಿದ್ದಲ್ಲ, ನನ್ಗೊತ್ತು. ನಾನು ಆ ನೀರ್ ಚೆಲ್ಲಿ ಉಪ್ಪಾಕ್ದ್ನಲ್ಲಾ, ಅದ್ಕೇ ಅದು ಸಿಟ್ಟಾಗಿ ಕಂಕುಳ್ಗ್ ಓಯ್ತಾ?" ಅಂದಳು.

"ಇಲ್ಲ ಅತ್ತೆ. ಅದು ಮೊದಲೇ ಹೋಗಿತ್ತು. ತೆಗೆದ ಮೇಲೆ ಗಂಟಿಗೆ ನೀನು ಏನು ಮಾಡಿದ್ದರೂ ಮೈಯೊಳಗಿನದಕ್ಕೆ ತಾಗಲ್ಲ."

"ನೋಡಿ ಯೋಳ್ತಿದ್ಯಾ, ಇಲ್ಲಾ ಸಮಾಧಾನಕ್ಕಾ?"

"ನೋಡಿ ಹೇಳ್ತಿದ್ದೀನಿ."

ಕ್ಯಾನ್ಸರ್ ಅಂದಾಗ ಅಳದವಳು ಆಗ ಅತ್ತಳು. ಹೆಗಲು ಕುಣಿಯುವಷ್ಟು ಅತ್ತಳು. ಮೆಟ್ಟಿಲ ಕಡೆ ಮಾವನ ಚಪ್ಪಲಿಯ ಸದ್ದಾಯಿತು. ಅತ್ತೆ ಬೇಗಬೇಗ ಕಣ್ಣೊರೆಸಿಕೊಂಡು, "ಅವ್ರಿಗೆ ಇವತ್ತೇ ಯೋಳ್ಬ್ಯಾಡ ಕಣೇ, ತಡ್ಕಳಾಕಿಲ್ಲ. ಇನ್ನೊಂದಿನ ನೋಡನ" ಎಂದು ನನ್ನ ಮಣಿಕಟ್ಟು ಒತ್ತಿದಳು. ಮಾವ ಎರಡು ಲೋಟ ಹಿಡಿದುಕೊಂಡು ಬಂದು, ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ಎದ್ದು ಆ ಲೋಟಗಳನ್ನು ಅವರ ಕೈಯಿಂದ ತಗೊಂಡೆ.

"ಮಾವ," ಅಂದೆ, "ಇಲ್ಲಿ ಬನ್ನಿ, ಅತ್ತೆ ಪಕ್ಕದಲ್ಲಿ ಕೂತ್ಕೊಳ್ಳಿ."