ರೈಟಕ್ಕನ ಮೇಲಿದ್ದ ಕೇಸು

ನನ್ನ ನಾದಿನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ರೈಟಕ್ಕ. ಬಸ್ಸಿನಲ್ಲಿ ಕಂಡಕ್ಟರ್ ಆಗಿ, ತಲೆ ನರೆಯುವವರೆಗೂ ‘ರೈಟ್, ರೈಟ್’ ಎಂದು ಕೂಗಿದವಳು. ನಿವೃತ್ತಿಯಾದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದಳು. ಬಾಯಿ ಮಾತ್ರ ಬಸ್ಸಿನಲ್ಲೇ ಉಳಿಯಿತು. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತರೆ, “ಒಳಗೆ ನಡೀರಿ, ಒಳಗೆ ಜಾಗ ಬೇಕಾದಷ್ಟಿದೆ” ಎನ್ನುತ್ತಾಳೆ.

ಅವಳ ಹತ್ತಿರ ಒಂದು ಕಥೆ ಇತ್ತು. ಒಬ್ಬ ಪ್ರಯಾಣಿಕ ಎದುರು ಸೀಟಿಗೆ ಕಾಲು ಚಾಚಿ ಕೂತು, ಬಸುರಿ ಹೆಂಗಸಿಗೆ ಜಾಗ ಬಿಡಲಿಲ್ಲವಂತೆ. ಇವಳು ಅವನನ್ನು ಬಸ್ಸಿನಿಂದ ಇಳಿಸಿದಳು. ಅವನು ಠಾಣೆಗೆ ಹೋಗಿ ದೂರು ಕೊಟ್ಟ, ಇವಳನ್ನು ಕರೆಸಿ ವಿಚಾರಿಸಿದರು. ನಡೆದದ್ದು ಇಷ್ಟೇ. ಆದರೆ ಹೇಳ್ತಾ ಹೇಳ್ತಾ ಆ ಮನುಷ್ಯ ದಪ್ಪಗಾದ, ಅವನಿಗೆ ಮೀಸೆ ಬಂತು, ಕೊನೆಕೊನೆಗೆ ಇವಳು ಕತ್ತಿನ ಪಟ್ಟಿ ಹಿಡಿದು ಅವನನ್ನು ಹೊರಗೆಸೆಯತೊಡಗಿದಳು. “ನನ್ನ ಮೇಲೆ ಪೊಲೀಸ್ ಕೇಸಿದೆ, ಹುಷಾರ್!” ಎಂದು ಮುಗಿಸಿದರೆ ಇಡೀ ಬೀದಿ ಬಾಯಿಬಿಟ್ಟುಕೊಂಡು ಕೇಳುತ್ತಿತ್ತು.

ನನ್ನ ಮೊಮ್ಮಗಳು ಜ್ವರ ಬಂದು ಮಕ್ಕಳ ಆಸ್ಪತ್ರೆ ಸೇರಿದಾಗ ಜೊತೆಗಿದ್ದವಳು ಇವಳೇ. ಆ ವಾರ್ಡಿನಲ್ಲಿ ತಾಯಂದಿರಿಗೆ ಸ್ನಾನಕ್ಕೆ ಹೋಗಲೂ ಬಿಡುವಿಲ್ಲ. ಅಮ್ಮ ಮರೆಯಾದರೆ ಮಕ್ಕಳು ಚಾವಣಿ ಹಾರಿಹೋಗುವ ಹಾಗೆ ಅಳುತ್ತವೆ. ಇವಳು ಒಂದೊಂದು ಮಂಚದ ಹತ್ತಿರ ಹೋಗಿ ಏನೇನೋ ಹೇಳಿ ನಗಿಸಿದಳು. ಹಿರಿಯ ನರ್ಸು ಅದನ್ನು ನೋಡಿದ್ದರು.

“ಅಮ್ಮಾ, ದಿನಾ ಬೆಳಿಗ್ಗೆ ಬಂದು ಕೂತ್ಕೋತೀರಾ? ಸಂಬಳ ಇಲ್ಲ, ಬರೀ ಸೇವೆ.”

“ನಾಳೆಯಿಂದಲೇ ಬರ್ತೀನಿ.”

“ನಾಳೆ ಆಗಲ್ಲಮ್ಮ. ನಿಮ್ಮ ಮೇಲೆ ಕೇಸುಗೀಸು ಇದೆಯಾ, ಎಲ್ಲಿರ್ತೀರಿ ಅಂತ ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು.”

ರೈಟಕ್ಕನ ಮುಖ ಕೆಂಪಾಯಿತು. “ನಾನೇನು ಕಳ್ಳಿ ಥರ ಕಾಣ್ತೀನಾ?”

“ಅಯ್ಯೋ, ನನ್ನದೂ ಮಾಡಿಸಿದ್ದಾರೆ, ದೊಡ್ಡ ಡಾಕ್ಟರದೂ ಮಾಡಿಸಿದ್ದಾರೆ. ಮಗೂನ ನಿಮ್ಮ ಕೈಗೆ ಕೊಟ್ಟು ಹೋಗೋ ತಾಯಿಗೆ ನೀವ್ಯಾರು ಅಂತ ಏನು ಗೊತ್ತು, ಹೇಳಿ?”

ರೈಟಕ್ಕ ಅರ್ಜಿ ಹಾಕುವುದು ಹೇಗೆಂದು ಕೇಳಿಕೊಂಡಳು. ಮನೆಗೆ ಬಂದು ನನ್ನ ಪಕ್ಕ ಕೂತಳು. “ಅತ್ತಿಗೆ, ಮಾತು ನ್ಯಾಯವಾಗಿದೆ. ಆದ್ರೆ ಆ ಕೇಸು ಇದೆಯಲ್ಲಾ, ಏನು ಮಾಡಲಿ?”

ಮುಚ್ಚಿಡು ಎಂದು ನನ್ನ ಮಗ ಹೇಳಿದ. ಇವಳು ಕೇಳಲಿಲ್ಲ. ಅರ್ಜಿಯಲ್ಲಿ, ಹಿಂದೊಮ್ಮೆ ಠಾಣೆಗೆ ಕರೆಸಿದ್ದರು ಎಂದು ಬರೆಸಿಯೇ ಕಳಿಸಿದಳು. ಬೀದಿಯವರ ಮುಂದೆ ಮಾತ್ರ ಉಸಿರೆತ್ತಲಿಲ್ಲ. “ಸಿಗದೇ ಹೋದ್ರೆ ಮುಖ ಎಲ್ಲಿಟ್ಕೊಳ್ಳಲಿ?” ಎಂಬ ಚಿಂತೆ ಅವಳಿಗೆ. ವಾರ್ಡಿನ ಮಕ್ಕಳ ಮೇಲೆ ಮನಸ್ಸು ಹೋಗಿಬಿಟ್ಟಿತ್ತು. ತುತ್ತು ಬಾಯಿಗಿಡುವಾಗಲೂ ಅದೇ ಮಾತು.

ಒಂದು ದಿನ ನನ್ನ ಕಣ್ಣು ತೋರಿಸಲು ಇಬ್ಬರೂ ಹೋಗಿದ್ದೆವು. ತಿರುಗಿ ಬಂದ ಸಂಜೆಯೇ ಫೋನಿಗೆ ಸುದ್ದಿ ಬಂತು: ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ವಾಸವಿಲ್ಲ. ಮಗ ಓದಿ ಹೇಳಿದ. ರೈಟಕ್ಕ ತಾನು ಕೂತಿದ್ದ ಕುರ್ಚಿಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡಳು. “ಹಾಗಾದ್ರೆ ಇಲ್ಲಿ ಕೂತಿರೋದು ಯಾರು?”

ಅಷ್ಟರಲ್ಲಿ ಎದುರಿನ ಇಸ್ತ್ರಿಯವನು ಬಟ್ಟೆ ಗಂಟು ಹಿಡಿದು ಒಳಗೆ ಬಂದ. ಮುಖದಲ್ಲಿ ಗೆದ್ದ ಕಳೆ. “ರೈಟಕ್ಕಾ, ನೀವು ನಿಶ್ಚಿಂತೆಯಾಗಿರಿ. ಪೊಲೀಸ್ ಬಂದಿದ್ದ, ನಾನು ಸಾಗಹಾಕಿದೆ.”

“ಏನಂತ ಸಾಗಹಾಕಿದೆ?”

“ಅಂಥ ಕಂಡಕ್ಟರ್ ಯಾರೂ ಇಲ್ಲಿಲ್ಲ ಅಂದೆ. ಮೇಲಿನ ಮನೆ ಟೀಚರೂ ಹೂಂ ಅಂದ್ರು. ಆ ಮೀಸೆಯವನು ಹಳೇ ಕೇಸು ಕೆದಕಿದ್ದಾನೆ ಅಂತ ನಮಗೆ ಆಗಲೇ ಗೊತ್ತಾಯ್ತು ಬಿಡಿ!”

ರೈಟಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ ಪುಣ್ಯಾತ್ಮ! ನಾನು ಇದ್ದೀನಿ ಅಂತ ಹೇಳೋಕೆ ನಾನೇ ಕರೆಸಿದ್ದು ಕಣೋ!”

ವಿಷಯ ಕೇಳಿದ ಮೇಲೆ ಇಸ್ತ್ರಿಯವನ ಮುಖ ಬಿಳಿಚಿಕೊಂಡಿತು. ಮರುದಿನ ನಾವು ಮೂವರೂ ಠಾಣೆಗೆ ಹೋದೆವು. ದಾರಿಯುದ್ದಕ್ಕೂ ಅವನದು ಒಂದೇ ಪ್ರಶ್ನೆ: “ಸುಳ್ಳು ಹೇಳಿದ್ದಕ್ಕೆ ನನ್ನ ಒಳಗೆ ಹಾಕ್ತಾರಾ ಅಮ್ಮಾ?” “ಹಾಕಿದ್ರೆ ಅವರ ಬಟ್ಟೆಗೂ ಇಸ್ತ್ರಿ ಆಗುತ್ತೆ, ನಡಿ” ಎಂದಳು ನನ್ನ ನಾದಿನಿ.

ಠಾಣೆಯಲ್ಲಿದ್ದ ಮೇಡಂ ಚಿಕ್ಕ ವಯಸ್ಸಿನವರು. ಇಸ್ತ್ರಿಯವನು ಕೈಕಟ್ಟಿ ಎಲ್ಲವನ್ನೂ ಒಪ್ಪಿಕೊಂಡಾಗ ಮೊದಲು ಗದರಿದರು. ಆಮೇಲೆ ಫೈಲು ಅಡ್ಡ ಹಿಡಿದು ನಕ್ಕರು. “ವಿಳಾಸ ಇನ್ನೊಂದು ಸಲ ನೋಡಿಸ್ತೀನಿ. ಅಮ್ಮಾ, ನಿಮ್ಮ ಮೇಲೆ ಯಾವ ಕೇಸೂ ಇಲ್ವಲ್ಲಾ?”

“ಇದೆ ಮೇಡಂ. ಸರಿಯಾಗಿ ನೋಡಿ.”

ಮೇಡಂ ಕಂಪ್ಯೂಟರಿನಲ್ಲಿ ಮತ್ತೆ ಹುಡುಕಿದರು. ಒಳಗಿನಿಂದ ಹಳೆಯ ಪೊಲೀಸಿನವರೊಬ್ಬರನ್ನೂ ಕರೆದು ಕೇಳಿದರು. “ಇಲ್ಲಮ್ಮ. ಯಾರೋ ದೂರು ಹೇಳಿರ್ತಾರೆ, ಕರೆದು ಮಾತಾಡಿ ಕಳಿಸಿರ್ತಾರೆ. ಠಾಣೆ ಮೆಟ್ಟಿಲು ಹತ್ತಿದ್ದೆಲ್ಲಾ ಕೇಸಾಗಲ್ಲ. ಕೇಸು ಇದ್ದಿದ್ರೂ ಏನಿದೆಯೋ ಅದನ್ನ ಬರೆದು ಕಳಿಸ್ತಿದ್ವಿ. ಮಕ್ಕಳ ಹತ್ರ ಬಿಡಬಹುದಾ ಇಲ್ವಾ ಅಂತ ಆಸ್ಪತ್ರೆಯವರು ಯೋಚನೆ ಮಾಡ್ತಿದ್ರು.”

ಖುಷಿಪಡಬೇಕಾದವಳು ಪೆಚ್ಚಾಗಿ ನಿಂತಳು. “ಒಂದು ಸಾಲೂ ಬರೆದಿಲ್ವಾ? ಅಷ್ಟು ದೊಡ್ಡ ಗಲಾಟೆ!”

“ಬರೆಸ್ಬೇಕಾ?” ಎಂದರು ಮೇಡಂ.

“ಬೇಡಮ್ಮಾ ತಾಯಿ, ಬೇಡ!” ಎಂದು ನಾನೇ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಎರಡನೇ ಸಲ ಬಂದ ಪೊಲೀಸಿನವನ ಪಾಡು ಹೇಳತೀರದು. ಬೀದಿಗೆ ಬೀದಿಯೇ ಅವನನ್ನು ಸುತ್ತಿಕೊಂಡು ಸಾಕ್ಷಿ ಹೇಳಿತು. ಮೇಲಿನ ಮನೆ ಟೀಚರ್ ರೈಟಕ್ಕನ ಗುಣಗಾನ ಶುರುಮಾಡಿದರೆ ನಿಲ್ಲಿಸುವವರೇ ಇಲ್ಲ. “ಸಾಕು ಟೀಚರ್, ಇವರು ಇಲ್ಲಿದ್ದಾರೆ ಅಂತ ಗೊತ್ತಾಯ್ತು” ಎಂದು ಆ ಪೊಲೀಸ್ ಹುಡುಗ ಬೆವರೊರೆಸಿಕೊಂಡು ಬೈಕು ಹತ್ತಿದ.

ಸರ್ಟಿಫಿಕೇಟ್ ಬಂತು. ಮೊದಲ ದಿನ ನಾನೂ ಜೊತೆಗೆ ಹೋದೆ. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಪುಟ್ಟ ಹುಡುಗಿಯ ತಾಯಿ, ಸೋಪು ಟವೆಲ್ ಹಿಡಿದುಕೊಂಡು ಹೋಗಲೋ ಬೇಡವೋ ಎಂದು ನಿಂತಿದ್ದಳು. ರೈಟಕ್ಕನ ಕತ್ತಿನಲ್ಲಿ ಆಸ್ಪತ್ರೆಯ ಕಾರ್ಡು ನೇತಾಡುತ್ತಿತ್ತು. ತಾಯಿ ಅದರ ಫೋಟೋ ನೋಡಿದಳು, ಮುಖ ನೋಡಿದಳು, ನರ್ಸಿನತ್ತ ತಿರುಗಿದಳು. ನರ್ಸು ತಲೆಯಾಡಿಸಿದರು.

“ಹೋಗಿ ಬಾಮ್ಮ, ನಿಧಾನಕ್ಕೆ ತಲೆಗೂ ನೀರು ಹಾಕ್ಕೊ” ಎಂದಳು ನನ್ನ ನಾದಿನಿ.

ತಾಯಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಓಡೋಡಿ ಬಂದಾಗ ಹುಡುಗಿ ಅಳುತ್ತಿರಲಿಲ್ಲ. ಮುಖ ಗಂಟಿಕ್ಕಿ, “ಅಮ್ಮಾ, ಇಷ್ಟು ಬೇಗ ಯಾಕೆ ಬಂದೆ? ಇನ್ನೊಂದು ಸಲ ಸ್ನಾನ ಮಾಡು, ಹೋಗು” ಎಂದಳು.