ಶಿವದಾರದ ತಪ್ಪಲ್ಲ

ಗಡ್ಡ ಬೋಳಿಸುವಾಗ ಕೈಗೆ ಸಿಕ್ಕಿತು. ಕುತ್ತಿಗೆಯ ಬಲಗಡೆ ಒಂದು ಗಂಟು. ದ್ರಾಕ್ಷಿಯಷ್ಟು ಗಾತ್ರ, ಒತ್ತಿದರೆ ರಬ್ಬರಿನ ಹಾಗೆ. ನೋವಿಲ್ಲ. ದ್ರಾಕ್ಷಿತೋಟಗಳ ನಾಸಿಕದಲ್ಲಿ ಬೆಳೆದವನಿಗೆ ಯಾವ ಗಾತ್ರವೂ ದ್ರಾಕ್ಷಿಯ ಲೆಕ್ಕದಲ್ಲೇ ತಿಳಿಯುತ್ತದೆ.

ಅವ್ವನಿಗೆ ತೋರಿಸಿದೆ. ನಂಬಲಿಲ್ಲ, ಅದು ನನ್ನದೇ ಗಳಿಕೆ. ಮದುವೆಗಳಲ್ಲಿ ಮಿಮಿಕ್ರಿ ಮಾಡುವ ನಾನು ಮನೆಯಲ್ಲೂ ಅಜ್ಜನ ಕೆಮ್ಮು, ಅಪ್ಪನ ಗೊರಕೆ, ಮಾವನ ಮಂಡಿನೋವು ಯಾವುದನ್ನೂ ಬಿಟ್ಟವನಲ್ಲ. ಕೊನೆಗೆ ಮುಟ್ಟಿ ನೋಡಿ ತೀರ್ಪು ಕೊಟ್ಟಳು: "ಶಿವದಾರ ಉಜ್ಜಿ ಆಗ್ಯಾದ."

ನಾವು ಬೀದರ ಕಡೆಯ ಲಿಂಗಾಯತರು. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಶಿವದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ನನ್ನದು ಅಜ್ಜನ ಕಾಲದ್ದು, ಒಳ್ಳೇ ಭಾರ. ಅವ್ವ ದಾರವನ್ನು ಬಲ ಹೆಗಲಿನಿಂದ ಎಡಕ್ಕೆ ದಾಟಿಸಿ ಗಂಟಿಗೆ ಅರಿಶಿನ ಹಚ್ಚಿದಳು. ನಾನೂ ಒಪ್ಪಿದೆ. ಡಾಕ್ಟರ ಬಳಿ ಹೋಗುವುದು ತಪ್ಪಿತಲ್ಲ.

ಎರಡು ತಿಂಗಳು ಹಾಗೇ ಹೋದವು. ಮೈತುಂಬ ತುರಿಕೆ. ಸಂಜೆಯಾದರೆ ಜ್ವರ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಜಿಮ್ಮಿಗೆ ಹೋಗುತ್ತಿದ್ದೇನೆಂದು ಗೆಳೆಯರ ಮುಂದೆ ಜಂಬ ಕೊಚ್ಚಿದೆ.

ನಮ್ಮ ಗಲ್ಲಿಯ ಡಾಕ್ಟರು ಟಿಬಿ ಗಂಟಿರಬಹುದು ಅಂದರು. ಆದರೆ ಪರೀಕ್ಷೆಯಿಲ್ಲದೆ ಗುಳಿಗೆ ಕೊಡದೆ ಸರ್ಜನ್ ಬಳಿ ಕಳಿಸಿದರು. ಅವರಿಗೆ ನನ್ನ ನಮಸ್ಕಾರ. ಸೂಜಿ ಚುಚ್ಚಿ ಮಾಡಿದ ಎಫ್‌ಎನ್‌ಎಸಿಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಸೂಜಿಯ ತುದಿಗೆ ಬಂದಷ್ಟು ಸಾಲದು, ಗಂಟನ್ನೇ ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಬೇಕು ಎಂದರು ಸರ್ಜನ್. ಹತ್ತು ದಿನಕ್ಕೆ ರಿಪೋರ್ಟ್ ಬಂತು.

ಹಾಡ್ಜ್‌ಕಿನ್ ಲಿಂಫೋಮಾ. ದುಗ್ಧಗ್ರಂಥಿಗಳ ಕ್ಯಾನ್ಸರ್.

ಅವ್ವನಿಗೆ ಅದನ್ನು ಓದಿ ಹೇಳಿದೆ, ಯಾರ ದನಿಯನ್ನೂ ಎರವಲು ತರದೆ.

ಸೋದರತ್ತೆಯ ಮನೆ ಸಂಭಾಜಿನಗರದಲ್ಲಿದೆ, ಅಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಅಲ್ಲಿನ ಸ್ಪೆಷಲಿಸ್ಟಿಗೆ ಬರೀ ರಿಪೋರ್ಟ್ ಸಾಲಲಿಲ್ಲ. ಗಂಟಿನ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ತನ್ನಿ, ನಮ್ಮ ಲ್ಯಾಬಿನಲ್ಲಿ ಮತ್ತೆ ನೋಡುತ್ತೇವೆ ಎಂದರು. ಮೇಣ ಎಂದು ಕೇಳಿದ್ದೇ ತಡ, ಅವ್ವ ನಾಸಿಕದಿಂದ ಅದನ್ನು ಒಯ್ಯುವಾಗ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದು ಕೂತಳು. ಕರಗಿದರೆ ಒಳ್ಳೆಯದೇ, ರೋಗವೂ ಹೋದೀತು ಅಂದೆ. ಬೆನ್ನಿಗೊಂದು ಬಿತ್ತು.

ಆ ಲ್ಯಾಬೂ ಅದನ್ನೇ ಹೇಳಿತು. ಪೆಟ್ ಸ್ಕ್ಯಾನಿನಲ್ಲಿ ಸ್ಟೇಜ್ ಎರಡು. ಡಾಕ್ಟರು ಕೀಮೋದ ವಿವರ ಹೇಳಿ ಮುಗಿಸಿದಾಗ ಅವ್ವ ಎದ್ದು ಕೈ ಮುಗಿದಳು. ಅವಳ ಮರಾಠಿ ಸಂತೆಯಲ್ಲಿ ಭಾಜಿ ಕೊಳ್ಳಲು ಸಾಕು, ಇದಕ್ಕೆ ಸಾಲದು. ನನ್ನ ಕಡೆ ತಿರುಗಿದಳು.

"ನನ್ನಿಂದ ಎರಡ ತಿಂಗಳ ಹಾಳಾದ್ವು. ದಾರ ಅಂದ್ಕೊಂಡ ಕೂತೆ. ಅವರಿಗಿ ಹೇಳು."

ಏನೂ ಬಿಡದೆ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು, ಮೂಗಿನಿಂದ ಹೊರಡುವ ತಮ್ಮ ಮರಾಠಿಯಲ್ಲಿ ನಿಧಾನವಾಗಿ ಉತ್ತರ ಕೊಟ್ಟರು. ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವಾಗ ಅವರ ಮೂಗೂ ಜೊತೆಗೆ ಬಂದುಬಿಟ್ಟಿತು. ಬೇಕೆಂದು ಮಾಡಿದ್ದಲ್ಲ.

"ಲಗೂನ ಬಂದಿದ್ರ ಚಲೋನೇ ಇತ್ತು, ತಾಯಿ. ಆದ್ರ ಆವಾಗೂ ಬಹುಶಃ ಇದೇ ಔಷಧ ಕೊಡ್ತಿದ್ದೆ. ತಪ್ಪು ದಾರದ್ದಲ್ಲ, ನಿಮ್ಮದೂ ಅಲ್ಲ."

ಕನ್ನಡ ಬಾರದಿದ್ದರೂ ಡಾಕ್ಟರಿಗೆ ತಮ್ಮ ದನಿಯ ಗುರುತು ಸಿಕ್ಕಿತು. ನನ್ನನ್ನು ದಿಟ್ಟಿಸಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವ್ವ ಕುರ್ಚಿಯಲ್ಲಿ ಕುಸಿದು, ಇಷ್ಟು ದಿನದಲ್ಲಿ ಮೊದಲ ಸಲ ಅತ್ತಳು.

ಆಮೇಲೆ ಹದಿನೈದು ದಿನಕ್ಕೊಂದು ಕೀಮೋ. ವಾಂತಿ, ಬಾಯಿಹುಣ್ಣು. ಕೂದಲು ಹೋಯಿತು, ಬೋಳುತಲೆಯ ಮಾವನನ್ನು ಅನುಕರಿಸಲು ಮೇಕಪ್ಪೇ ಬೇಡವಾಯಿತು. ಪ್ರತಿ ಸಲ ನಾಸಿಕಕ್ಕೆ ಮರಳುವ ಬಸ್ಸು ನಡುದಾರಿಯ ಯೇವಲಾ ತಲುಪುವಷ್ಟರಲ್ಲಿ ಅವ್ವ ಮೆಲ್ಲಗೆ ಕೇಳುವಳು: "ಡಾಕ್ಟರ್ ಅಂದಿದ್ದು ಇನ್ನೊಮ್ಮಿ ಅನ್ನು. ಅವರ ಹಂಗೇ ಅನ್ನು." ಮಿಮಿಕ್ರಿಗೆ ಬೈಯುತ್ತಲೇ ನನ್ನನ್ನು ಸಾಕಿದವಳು. ನಾನು ಮೂಗಿನಿಂದ ಹೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು.

ಮೊನ್ನೆ ನಾಲ್ಕು ಕೀಮೋಗಳ ನಂತರದ ಸ್ಕ್ಯಾನ್ ಬಂತು. ರೋಗದ ಚಟುವಟಿಕೆ ಕಾಣುತ್ತಿಲ್ಲ ಎಂದರು ಡಾಕ್ಟರು. ಉಳಿದ ಕೀಮೋ ಮುಗಿಸಲೇಬೇಕು, ಆಮೇಲೂ ಕಣ್ಣಿಟ್ಟಿರಬೇಕು.

ಬಸ್ಸು ಯೇವಲಾ ದಾಟಿತು. ಅವ್ವ ಕೇಳಲಿಲ್ಲ. ನಾನೇ ಮೂಗು ಸರಿಮಾಡಿಕೊಂಡು ಶುರುಮಾಡಿದೆ.

"ಸುಮ್ಮ ಕೂಡು, ನಿದ್ದಿ ಬಂದದ," ಅಂದು ನನ್ನ ಎಡ ಹೆಗಲಿಗೆ ಒರಗಿದಳು. ಬಲಗಡೆ ಹೊಲಿಗೆಯ ಗುರುತಿರುವುದರಿಂದ ಶಿವದಾರ ಈಗಲೂ ಎಡಕ್ಕೇ ಇದೆ. ಅವಳ ತಲೆಯ ಕೆಳಗೆ ಅದು ಹೆಗಲಿಗೆ ಒತ್ತುತ್ತಿತ್ತು. ಒತ್ತಲಿ ಎಂದು ನಾಸಿಕದವರೆಗೂ ಅಲುಗಾಡದೆ ಕೂತೆ.